ನಿಮ್ಮ ಮಾಡೆಲ್ ಮೊಲವೋ, ಇಲಿಯೋ?

ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಪ್ರತಿ ವರ್ಷ ಒಂದು ಪೋಸ್ಟರ್ ಇದ್ದೇ ಇರುತ್ತೆ. ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಇದೆಯೋ ಇಲ್ಲವೋ ಹೇಳುವ ಮಾಡೆಲ್. ಟೀಮ್ ಬದಲಾಗುತ್ತೆ, ಗೈಡ್ ಬದಲಾಗ್ತಾರೆ, ಪೋಸ್ಟರ್ ಬಣ್ಣ ಬದಲಾಗುತ್ತೆ. ಶ್ವಾಸಕೋಶದ ಚಿತ್ರ ಮತ್ತು ದಪ್ಪಕ್ಷರದ ಅಕ್ಯುರಸಿ ಮಾತ್ರ ಬದಲಾಗಲ್ಲ. ಡೇಟಾಸೆಟ್ ಕೂಡ ಬಹಳಷ್ಟು ಸಲ ಒಂದೇ: ಕ್ಯಾಗಲ್‌ನಲ್ಲಿರುವ 5,863 ಎಕ್ಸ್‌ರೇಗಳು. ಚೀನಾದ ಗುವಾಂಗ್‌ಝೌ ನಗರದ ಒಂದೇ ಆಸ್ಪತ್ರೆಯಲ್ಲಿ 1ರಿಂದ 5 ವರ್ಷದ ಮಕ್ಕಳಿಗೆ ತೆಗೆದವು. ವ್ಯಾಲಿಡೇಷನ್ ಫೋಲ್ಡರ್ ತೆರೆದು ನೋಡಿದವರಿಗೆ ಗೊತ್ತು, ಅದರಲ್ಲಿ ಇರೋದು ಬರೀ 16 ಚಿತ್ರ.

ಇದನ್ನು ಮಾಡಿದ ಸೀನಿಯರ್‌ಗಳನ್ನು ಬೈಯೋದು ನನ್ನ ಉದ್ದೇಶ ಅಲ್ಲ. ನನ್ನ ತಕರಾರು ನಾವು ಕೇಳುವ ಪ್ರಶ್ನೆಗಳ ಬಗ್ಗೆ. ಎಕ್ಸ್‌ಟರ್ನಲ್ ಬರ್ತಾರೆ, ಎಷ್ಟು ಲೇಯರ್ ಅಂತ ಕೇಳ್ತಾರೆ, ಎಷ್ಟು ಎಪಾಕ್ ಅಂತ ಕೇಳ್ತಾರೆ. ಯಾರ ಎದೆಯ ಮೇಲೆ ಪರೀಕ್ಷೆ ಮಾಡಿದ್ರಿ, ಯಾರ ಎದೆಗೆ ಬಳಸ್ತೀರಿ ಅಂತ ಮಾತ್ರ ಯಾರೂ ಕೇಳಲ್ಲ. ಈ ಒಂದು ಪ್ರಶ್ನೆ ಎಷ್ಟು ದುಬಾರಿ ಅನ್ನೋದನ್ನ ನ್ಯುಮೋನಿಯಾದ ಲಸಿಕೆಯೇ ಕಲಿಸಿದೆ. ಕಂಪ್ಯೂಟರ್ ಹುಟ್ಟೋದಕ್ಕೂ ಎಷ್ಟೋ ಮುಂಚೆ, ಮೊಲಗಳ ಮೇಲೆ, ಇಲಿಗಳ ಮೇಲೆ. ನಮ್ಮ ಯಾದಗಿರಿ ಜಿಲ್ಲೆಯ ಕುರಿ, ಎಮ್ಮೆ, ಕೂಸುಗಳವರೆಗೆ ಬರುವ ಕಥೆ ಅದು. ಅದಕ್ಕೇ ಬರೀತಿದ್ದೀನಿ.

ಶುರುವಾಗಿದ್ದು ಉಗುಳಿನಿಂದ. 1880ರಲ್ಲಿ ಅಮೆರಿಕದ ಸೇನಾ ವೈದ್ಯ ಜಾರ್ಜ್ ಸ್ಟರ್ನ್‌ಬರ್ಗ್ ತನ್ನ ಉಗುಳನ್ನೇ ಮೊಲಕ್ಕೆ ಚುಚ್ಚಿದ. ಮನುಷ್ಯ ಗಟ್ಟಿಮುಟ್ಟಾಗಿದ್ದ, ಮೊಲ ಸತ್ತುಹೋಯಿತು. ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ರೋಗದಿಂದ ತೀರಿಕೊಂಡ ಮಗುವಿನ ಉಗುಳನ್ನು ಮೊಲಕ್ಕೆ ಕೊಟ್ಟು ನೋಡಿದ. ಆ ಮೊಲವೂ ಸತ್ತಿತು, ಆದರೆ ಹುಚ್ಚಿನಿಂದ ಅಲ್ಲ. ಎರಡರ ರಕ್ತದಲ್ಲೂ ಕಂಡಿದ್ದು ಜೋಡಿ ಜೋಡಿಯಾಗಿ ಕೂತ ದುಂಡನೆಯ ಬ್ಯಾಕ್ಟೀರಿಯಾ, ಸುತ್ತ ಒಂದು ಪೊರೆ. 1881ರಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಅದನ್ನು ಪ್ರಕಟಿಸಿದರು. ಅದೇ ನ್ಯುಮೋಕಾಕಸ್. ನ್ಯುಮೋನಿಯಾಕ್ಕೆ ಇದೇ ಮುಖ್ಯ ಕಾರಣ ಅಂತ ಗೊತ್ತಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಆದರೆ ಮೊಲ ಒಂದು ದೊಡ್ಡ ವಿಷಯ ಆಗಲೇ ಹೇಳಿಬಿಟ್ಟಿತ್ತು: ಈ ಪ್ರಾಣಿ ನಮ್ಮಲ್ಲಿ ಎಷ್ಟೋ ಜನರ ಗಂಟಲಲ್ಲೇ ಸುಮ್ಮನೆ ವಾಸ ಮಾಡಿಕೊಂಡಿರುತ್ತೆ. ಹೊರಗಿಂದ ಬರುವ ಶತ್ರು ಅಲ್ಲ, ಬಾಡಿಗೆದಾರ.

ಅದೇ 1880ರಲ್ಲಿ ಪಾಶ್ಚರ್ ಕೋಳಿಗಳ ಕಾಲರಾ ರೋಗದ ಮೇಲೂ ಕೆಲಸ ಮಾಡ್ತಿದ್ದ. ಬ್ಯಾಕ್ಟೀರಿಯಾವನ್ನು ಬಹಳ ದಿನ ಹಾಗೇ ಬಿಟ್ಟರೆ ಅದರ ಶಕ್ತಿ ಕುಂದುತ್ತೆ, ಅಂಥದ್ದನ್ನು ಚುಚ್ಚಿದ ಕೋಳಿ ಸಾಯಲ್ಲ, ಆಮೇಲೆ ಜೋರಾದ ಬ್ಯಾಕ್ಟೀರಿಯಾ ಕೊಟ್ಟರೂ ತಡೆದುಕೊಳ್ಳುತ್ತೆ ಅಂತ ತೋರಿಸಿದ. ಲ್ಯಾಬಿನಲ್ಲಿ ದುರ್ಬಲ ಮಾಡಿ ತಯಾರಿಸಿದ ಮೊದಲ ಬ್ಯಾಕ್ಟೀರಿಯಾ ಲಸಿಕೆ ಅದು. ಆ ಬ್ಯಾಕ್ಟೀರಿಯಾಕ್ಕೆ ಆಮೇಲೆ ಪಾಶ್ಚರನ ಹೆಸರನ್ನೇ ಇಟ್ಟರು, ಪಾಶ್ಚುರೆಲ್ಲಾ ಮಲ್ಟೋಸಿಡಾ ಅಂತ.

ಈ ಹೆಸರು ನಿಮಗೆ ಹೊಸದು, ಆದರೆ ಅದು ಮಾಡುವ ಕೆಲಸ ಸುರಪುರ, ಶಹಾಪುರ ಕಡೆ ದನ ಸಾಕಿದ ಯಾವ ಮನೆಗೂ ಹೊಸದಲ್ಲ. ಮಳೆಗಾಲ ಹಿಡಿದ ಮೇಲೆ ಎಮ್ಮೆಗೆ ಇದ್ದಕ್ಕಿದ್ದಂತೆ ಜ್ವರ ಬಂದು, ಗಂಟಲು ಬಾತು, ಗೊರಗೊರ ಉಸಿರಾಡಿ ಒಂದೆರಡು ದಿನದಲ್ಲಿ ಬಿದ್ದುಹೋಗುತ್ತಲ್ಲ, ಗಂಟಲು ಬೇನೆ, ಗಳಲೆ ರೋಗ, ಅದಕ್ಕೆ ಕಾರಣ ಇದೇ ಪಾಶ್ಚುರೆಲ್ಲಾ. ಕುರಿಗಳ ನ್ಯುಮೋನಿಯಾದಲ್ಲೂ ಇದರದ್ದು ಮತ್ತು ಇದರ ಹತ್ತಿರದ ನೆಂಟರದ್ದು ಕೈವಾಡ ಇರುತ್ತೆ. 1889ರಲ್ಲಿ ಪುಣೆಯಲ್ಲಿ ಶುರುವಾಗಿ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋದ ಪಶುರೋಗ ಪ್ರಯೋಗಾಲಯ ಈ ರೋಗದ ಮೇಲೆ ಕೆಲಸ ಮಾಡಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳದ ಸಂಸ್ಥೆ ಇದರ ಲಸಿಕೆ ತಯಾರಿಸುತ್ತೆ. 1925ರಲ್ಲಿ ಶುರುವಾದಾಗ ಅದರ ಹೆಸರು ಮೈಸೂರು ಸೀರಂ ಇನ್‌ಸ್ಟಿಟ್ಯೂಟ್. ಈ 'ಸೀರಂ' ಅನ್ನೋ ಶಬ್ದ ಎಲ್ಲಿಂದ ಬಂತು ಅನ್ನೋದು ಮುಂದೆ ಬರುತ್ತೆ.

ಈಗ ಬರ್ಲಿನ್. 1891. ಜಾರ್ಜ್ ಮತ್ತು ಫೆಲಿಕ್ಸ್ ಕ್ಲೆಂಪರರ್ ಅನ್ನೋ ಅಣ್ಣತಮ್ಮ. ನನ್ನ ಲೆಕ್ಕದಲ್ಲಿ ನ್ಯುಮೋನಿಯಾ ಲಸಿಕೆಯ ನಿಜವಾದ ಕಥೆ ಇಲ್ಲಿಂದ. ಇವರು ನ್ಯುಮೋಕಾಕಸ್ ಅನ್ನು ಬಿಸಿ ಮಾಡಿ ಕೊಂದು ಮೊಲಗಳಿಗೆ ಚುಚ್ಚಿದರು. ಕೆಲವು ದಿನ ಬಿಟ್ಟು ಜೀವಂತ ನ್ಯುಮೋಕಾಕಸ್ ಕೊಟ್ಟರು. ಮೊಲಗಳು ಬದುಕಿದವು. ಹಾಗೆ ಬದುಕಿದ ಮೊಲದ ರಕ್ತದಿಂದ ತಿಳಿನೀರಿನಂಥ ಸೀರಂ ತೆಗೆದು ಬೇರೆ ಮೊಲಕ್ಕೆ ಕೊಟ್ಟರೆ ಅದೂ ಬದುಕಿತು. ಅಂದರೆ ರಕ್ಷಣೆ ರಕ್ತದಲ್ಲಿ ಓಡಾಡುವ ಯಾವುದೋ ವಸ್ತುವಿನಲ್ಲಿದೆ, ಒಂದು ದೇಹದಿಂದ ಇನ್ನೊಂದಕ್ಕೆ ಸಾಗಿಸಬಹುದು. ಮುಂದೆ ಕುದುರೆಗಳಲ್ಲಿ ಸೀರಂ ತಯಾರಿಸಿ ನ್ಯುಮೋನಿಯಾ ರೋಗಿಗಳಿಗೆ ಕೊಡುವ ಚಿಕಿತ್ಸೆ ಹುಟ್ಟಿದ್ದು ಈ ದಾರಿಯಲ್ಲೇ. ಹೆಬ್ಬಾಳದ ಹಳೇ ಹೆಸರಿನಲ್ಲಿ ಇರೋದು, 1966ರಲ್ಲಿ ಕುದುರೆ ಸಾಕುವ ಮನೆತನ ಪುಣೆಯಲ್ಲಿ ಕಟ್ಟಿದ ಸೀರಂ ಇನ್‌ಸ್ಟಿಟ್ಯೂಟ್ ಹೆಸರಿನಲ್ಲಿ ಇರೋದು ಇದೇ ಸೀರಂ.

ಆದರೆ ಅಣ್ಣತಮ್ಮಂದಿರ ಪ್ರಯೋಗದಲ್ಲಿ ಒಂದು ಕೊಂಕು ಇತ್ತು. ಯಾವ ರೋಗಿಯಿಂದ ತೆಗೆದ ನ್ಯುಮೋಕಾಕಸ್‌ನಿಂದ ಲಸಿಕೆ ಮಾಡಿದ್ದರೋ ಅದೇ ನ್ಯುಮೋಕಾಕಸ್ ಕೊಟ್ಟರೆ ಮೊಲ ಬದುಕುತ್ತಿತ್ತು. ಬೇರೆ ರೋಗಿಯಿಂದ ತೆಗೆದದ್ದನ್ನು ಕೊಟ್ಟರೆ ಕೆಲವು ಸಲ ಸಾಯುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ಎರಡೂ ಒಂದೇ ಥರ. ಹಾಗಿದ್ದರೆ ವ್ಯತ್ಯಾಸ ಎಲ್ಲಿ?

ಶಹಾಪುರದ ಹತ್ತಿರ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಒಬ್ಬ ಮುತ್ಯಾನ ಹತ್ತಿರ ಮಾತಾಡುವಾಗ, ಒಂದೇ ಇಂಜೆಕ್ಷನ್ ಹಾಕಿಸಿದರೆ ಆಗಲ್ವಾ ಅಂತ ಕೇಳಿದ್ದೆ. ಆತ ನಕ್ಕು ಹೇಳಿದ್ದು: "ಒಂದ ಸೂಜಿ ಎಲ್ಲಾ ಬ್ಯಾನಿಗಿ ಆಗಲ್ಲ ತಮ್ಮಾ. ಗಂಟಲ ಬ್ಯಾನಿದ್ದು ಬ್ಯಾರೆ ಅದ, ಕರಳ ಬ್ಯಾನಿದ್ದು ಬ್ಯಾರೆ ಅದ. ಹೊರಗಿಂದ ನೋಡಿದ್ರ ಎರಡರಾಗೂ ಕುರಿ ಸಾಯ್ತದ, ಅಷ್ಟೇ." ಮುತ್ಯಾ ಹೇಳಿದ್ದು ಬೇರೆ ಬೇರೆ ರೋಗದ ಬಗ್ಗೆ. ಕ್ಲೆಂಪರರ್ ಮೊಲಗಳು ಹೇಳಿದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ರೋಗ ಒಂದೇ ಇದ್ದರೂ, ಬ್ಯಾಕ್ಟೀರಿಯಾದ ಹೆಸರು ಒಂದೇ ಇದ್ದರೂ, ಸೂಜಿ ಬೇರೆ ಬೇಕಾಗಬಹುದು. ಗಂಟಲು ಬೇನೆಯಲ್ಲೂ ಹಾಗೇ. ಏಷ್ಯಾದಲ್ಲಿ ಈ ರೋಗ ತರುವ ಪಾಶ್ಚುರೆಲ್ಲಾ ಬಿ:2 ಅನ್ನೋ ಬಗೆ, ಆಫ್ರಿಕಾದಲ್ಲಿ ಹೆಚ್ಚಾಗಿ ಇ:2. ನಮ್ಮ ದೇಶದ ಲಸಿಕೆಗೆ ಬಳಸುವ ಪಿ52 ತಳಿ ನಮ್ಮಲ್ಲಿನ ಬಗೆಯದ್ದು. ಅದಕ್ಕೇ ಅದು ನಮ್ಮ ಎಮ್ಮೆಗೆ ಕೆಲಸ ಮಾಡುತ್ತೆ.

ಮೊಲದ ಮಾತನ್ನು ಕೇಳಿಸಿಕೊಳ್ಳದೆ ಮುಂದೆ ಹೋದರೆ ಏನಾಗುತ್ತೆ ಅಂತ 1911ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗೊತ್ತಾಯಿತು. ಅಲ್ಲಿನ ಚಿನ್ನದ ಗಣಿಗಳಿಗೆ ದೂರದ ಬಿಸಿ ಪ್ರದೇಶಗಳಿಂದ ಕೂಲಿ ಬಂದ ಕರಿಯ ಕಾರ್ಮಿಕರು ಇಕ್ಕಟ್ಟಾದ ಶೆಡ್ಡುಗಳಲ್ಲಿ ಮಲಗಿ ನ್ಯುಮೋನಿಯಾದಿಂದ ಸಾಯುತ್ತಿದ್ದರು. ಗಣಿ ಮಾಲೀಕರು ಲಂಡನ್ನಿನ ಆಲ್ಮ್‌ರಾತ್ ರೈಟ್ ಅವರನ್ನು ಕರೆಸಿದರು. ಅವರು ಸತ್ತ ನ್ಯುಮೋಕಾಕಸ್‌ಗಳ ಲಸಿಕೆ ಮಾಡಿ ಸಾವಿರಾರು ಜನಕ್ಕೆ ಚುಚ್ಚಿದರು, ಫಲ ಸಿಕ್ಕಿತು ಅಂತ ವರದಿಯನ್ನೂ ಬರೆದರು. ಆದರೆ ಆ ಗಣಿಯಲ್ಲಿ ಯಾವ ಯಾವ ಬಗೆಯ ನ್ಯುಮೋಕಾಕಸ್ ಓಡಾಡ್ತಿದೆ, ಸೂಜಿಯಲ್ಲಿ ಯಾವುದಿದೆ ಅನ್ನೋ ಹೊಂದಾಣಿಕೆಯೇ ಇರಲಿಲ್ಲ. ಆಮೇಲೆ ಲೆಕ್ಕ ಹಾಕಿದವರು ಆ ಫಲವನ್ನು ಒಪ್ಪಲಿಲ್ಲ. ಅದರ ಹಿಂದಿನ ವರ್ಷವೇ, 1910ರಲ್ಲಿ, ಬರ್ಲಿನ್‌ನ ನಾಯ್‌ಫೆಲ್ಡ್ ಮತ್ತು ಹೆಂಡೆಲ್ ನ್ಯುಮೋಕಾಕಸ್‌ನಲ್ಲಿ ಬೇರೆ ಬೇರೆ ಬಗೆಗಳಿವೆ ಅಂತ ತೋರಿಸಿದ್ದರು. ಇವತ್ತಿಗೆ ನೂರಕ್ಕೂ ಹೆಚ್ಚು ಬಗೆ ಗೊತ್ತಾಗಿವೆ.

ಆ ಗಣಿ ಕಾರ್ಮಿಕರ ಬಗ್ಗೆ ಓದುವಾಗ ನಮ್ಮ ಕಡೆಯ ಗುಳೆ ನೆನಪಾಗದೆ ಇರಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ರಾತ್ರಿ ಗಾಡಿಗೆ ಕಾಯುವ ಕುಟುಂಬಗಳನ್ನು ಯಾರಾದರೂ ನೋಡಿದ್ದೀರಿ. ಆ ಮಾತಿಗೆ ಆಮೇಲೆ ಬರ್ತೀನಿ.

ಈ ಬಗೆಗಳನ್ನು ಬೇರೆ ಮಾಡೋದು ಏನು? ಪಾಶ್ಚರ್ ನೋಡಿದ್ದ ಆ ಪೊರೆ. 1923ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಆಸ್ವಲ್ಡ್ ಏವರಿ ಮತ್ತು ಮೈಕೆಲ್ ಹೈಡೆಲ್‌ಬರ್ಗರ್ ಆ ಪೊರೆ ಸಕ್ಕರೆಯ ಉದ್ದ ಸರಪಳಿಗಳಿಂದ ಆಗಿದೆ ಅಂತ ತೋರಿಸಿದರು. ಒಂದೊಂದು ಬಗೆಗೆ ಒಂದೊಂದು ಸಕ್ಕರೆ. ಹಾಗಿದ್ದರೆ ಇಡೀ ಬ್ಯಾಕ್ಟೀರಿಯಾ ಯಾಕೆ, ಸಕ್ಕರೆಯನ್ನಷ್ಟೇ ಶುದ್ಧ ಮಾಡಿ ಚುಚ್ಚಿದರೆ ಸಾಕಲ್ಲ? ಚುಚ್ಚಿ ನೋಡಿದರು, ಎಂದಿನ ಹಾಗೆ ಮೊಲಕ್ಕೆ. ಮೊಲದ ರಕ್ತದಲ್ಲಿ ಪ್ರತಿಕಾಯ ಹುಟ್ಟಲಿಲ್ಲ. ಶುದ್ಧ ಸಕ್ಕರೆಗೆ ದೇಹ ಪ್ರತಿಕ್ರಿಯಿಸಲ್ಲ ಅನ್ನೋ ತೀರ್ಮಾನ ಗಟ್ಟಿಯಾಗಿ ಕೂತಿತು.

1927ರಲ್ಲಿ ಬರ್ಲಿನ್‌ನ ಶೀಮನ್ ಮತ್ತು ಕ್ಯಾಸ್ಪರ್ ಅದೇ ಸಕ್ಕರೆಯನ್ನು ಬಿಳಿ ಇಲಿಗೆ ಕೊಟ್ಟರು. ಇಲಿಗಳು ಬದುಕಿದವು!

ಎರಡೂ ಪ್ರಯೋಗ ಸರಿ. ಎರಡರಲ್ಲೂ ಮೋಸ ಇಲ್ಲ. ಒಂದು ಪ್ರಾಣಿ ಇಲ್ಲ ಅಂತು, ಇನ್ನೊಂದು ಹೌದು ಅಂತು. ಇಲಿಯ ಹೌದಿಗೂ ಒಂದು ಷರತ್ತು ಇತ್ತು. ಸಕ್ಕರೆಯನ್ನು ಬಹಳ ಸ್ವಲ್ಪ ಕೊಟ್ಟರೆ ರಕ್ಷಣೆ ಸಿಗುತ್ತೆ. ಜಾಸ್ತಿ ಕೊಟ್ಟರೆ ಇಲಿಯ ದೇಹ ಮಂಕಾಗಿ ಕೂತುಬಿಡುತ್ತೆ, ರಕ್ಷಣೆಯೇ ಬರಲ್ಲ. ಲಾಯ್ಡ್ ಫೆಲ್ಟನ್ ಇದನ್ನು ವರ್ಷಗಟ್ಟಲೆ ಬೆನ್ನು ಹತ್ತಿ ಬಿಡಿಸಿದ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಔಟ್‌ಪುಟ್ ಇನ್‌ಪುಟ್‌ಗೆ ಲೀನಿಯರ್ ಅಲ್ಲ. ಜಾಸ್ತಿ ಡೋಸ್ ಕೊಟ್ಟು 'ಕೆಲಸ ಮಾಡಲಿಲ್ಲ' ಅಂತ ಬರೆದುಕೊಂಡಿದ್ದರೆ ಇಲಿಯೂ ಮೊಲದ ಪಕ್ಷಕ್ಕೇ ಸೇರಿಬಿಡುತ್ತಿತ್ತು.

ಹಾಗಾದರೆ ಮನುಷ್ಯ ಯಾರ ಕಡೆ? 1930ರಲ್ಲಿ ಫ್ರಾನ್ಸಿಸ್ ಮತ್ತು ಟಿಲೆಟ್ ಬೇರೆ ಏನೋ ನೋಡಲು ಹೋಗಿ ಉತ್ತರ ಕಂಡರು. ಚರ್ಮದ ಪರೀಕ್ಷೆಗೆ ಅಂತ ಸ್ವಲ್ಪ ಸಕ್ಕರೆ ಚುಚ್ಚಿದ ರೋಗಿಗಳ ರಕ್ತದಲ್ಲಿ ಪ್ರತಿಕಾಯ ಬಂದಿತ್ತು. ದೊಡ್ಡವರು ಇಲಿಯ ಕಡೆ. 1944-45ರಲ್ಲಿ ಅಮೆರಿಕದ ಸೂ ಫಾಲ್ಸ್‌ನ ವಾಯುಪಡೆ ತರಬೇತಿ ಶಾಲೆಯಲ್ಲಿ ಸುಮಾರು 17,000 ಯುವಕರ ಮೇಲೆ ನಾಲ್ಕು ಬಗೆಯ ಸಕ್ಕರೆ ಇರುವ ಲಸಿಕೆಯ ಪರೀಕ್ಷೆ ನಡೆಯಿತು. ಆ ನಾಲ್ಕು ಬಗೆಯ ನ್ಯುಮೋನಿಯಾ ಲಸಿಕೆ ಪಡೆದವರಲ್ಲಿ ಬಹುತೇಕ ನಿಂತುಹೋಯಿತು. ಅಲ್ಲಿದ್ದವರು ನಮ್ಮ ನಿಮ್ಮ ವಯಸ್ಸಿನವರೇ.

ಇಲ್ಲಿ ಒಂದು ಸಣ್ಣ ಹೊಟ್ಟೆಯುರಿ. ಪಿಯುಸಿಯಲ್ಲಿ ಬಯಾಲಜಿ ತಗೊಂಡವರಿಗೆ ಗ್ರಿಫಿತ್ ನೆನಪಿರುತ್ತಾನೆ. 1928, ನಯವಾದ ಬ್ಯಾಕ್ಟೀರಿಯಾ, ಒರಟಾದ ಬ್ಯಾಕ್ಟೀರಿಯಾ, ಬಿಸಿ ಮಾಡಿ ಕೊಂದದ್ದು, ಸತ್ತ ಇಲಿ. ಐದು ಮಾರ್ಕ್ಸ್. ಅದು ನ್ಯುಮೋನಿಯಾದ ನ್ಯುಮೋಕಾಕಸ್, ಗ್ರಿಫಿತ್ ಅದರ ಬಗೆಗಳ ಲೆಕ್ಕ ಹಿಡಿಯುತ್ತಾ ಇದ್ದವನು ಅನ್ನೋದು ನಮಗೆ ಯಾರೂ ಹೇಳಲಿಲ್ಲ. ಆ ಪಾಠ ಡಿಎನ್‌ಎಗೆ ಮುನ್ನುಡಿಯಾಗಿ ಬಂದು ಹೋಯಿತು. ಆ ವಸ್ತು ಡಿಎನ್‌ಎ ಅಂತ 1944ರಲ್ಲಿ ತೋರಿಸಿದ್ದು ಇದೇ ಏವರಿ, ಜೊತೆಗೆ ಮೆಕ್ಲಿಯಡ್ ಮತ್ತು ಮೆಕಾರ್ಟಿ. ಸೂ ಫಾಲ್ಸ್ ಲಸಿಕೆ ಪರೀಕ್ಷೆ ನಡೆಸಿದವನೂ ಅದೇ ಮೆಕ್ಲಿಯಡ್. ಪುಸ್ತಕದಲ್ಲಿ ಇಲಿ ಸತ್ತಿದ್ದು ಮಾತ್ರ ಉಳಿಯಿತು, ಯಾಕೆ ಸಾಯಿಸ್ತಿದ್ದರು ಅನ್ನೋದು ಉಳಿಯಲಿಲ್ಲ.

ಆಮೇಲೆ ಪೆನಿಸಿಲಿನ್ ಬಂತು. ಮಾತ್ರೆ, ಇಂಜೆಕ್ಷನ್ ಇರುವಾಗ ಲಸಿಕೆ ಯಾಕೆ ಅಂತ ಅಮೆರಿಕದಲ್ಲಿ ಲಸಿಕೆ ಕೊಳ್ಳುವವರೇ ಇಲ್ಲವಾದರು, ಕಂಪನಿ ಅದನ್ನು ವಾಪಸ್ ತಗೊಂಡಿತು. ಪೆನಿಸಿಲಿನ್ ಕೊಟ್ಟರೂ ಜನ ಸಾಯ್ತಾನೇ ಇದ್ದಾರೆ ಅಂತ ರಾಬರ್ಟ್ ಆಸ್ಟ್ರಿಯನ್ ಪಟ್ಟು ಹಿಡಿದು ತೋರಿಸಿದ ಮೇಲೆ, ಮತ್ತೆ ದಕ್ಷಿಣ ಆಫ್ರಿಕಾದ ಗಣಿ ಕಾರ್ಮಿಕರಲ್ಲೇ ಪರೀಕ್ಷೆ ಆಗಿ, 1977ರಲ್ಲಿ 14 ಬಗೆಗಳ ಲಸಿಕೆಗೆ ಅನುಮತಿ ಸಿಕ್ಕಿತು. 1983ರಲ್ಲಿ ಅದು 23 ಬಗೆ ಆಯಿತು. ದೊಡ್ಡವರಿಗೆ ಸರಿ.

ಆದರೆ ನ್ಯುಮೋನಿಯಾ ಬಹಳಷ್ಟು ಕೂಸುಗಳನ್ನೂ ಕೊಲ್ಲುತ್ತೆ. ಎರಡು ವರ್ಷದೊಳಗಿನ ಕೂಸಿಗೆ ಈ ಲಸಿಕೆ ಕೊಟ್ಟರೆ? ಅವುಗಳ ದೇಹ ಸಕ್ಕರೆಯನ್ನು ಸರಿಯಾಗಿ ಗುರುತಿಸಲ್ಲ. ಮೊಲದ ಹಾಗೇ.

ಇದನ್ನು ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೊಲ ತಪ್ಪು ಉತ್ತರ ಕೊಟ್ಟಿತ್ತು, ಇಲಿ ಸರಿಯಾದದ್ದು ಕೊಟ್ಟಿತು ಅಂತ ತಾನೇ ಇಲ್ಲಿವರೆಗೆ ಅನಿಸಿದ್ದು? ಮೊಲ ತಪ್ಪು ಹೇಳಿರಲಿಲ್ಲ. ನಾವು ಕೇಳದೇ ಇದ್ದ ಇನ್ನೊಂದು ಪ್ರಶ್ನೆಗೆ ಅದು ಉತ್ತರ ಕೊಟ್ಟಿತ್ತು. ಮೊಲದ ದೇಹವೂ ಕೂಸಿನ ದೇಹವೂ ಒಂದೇ ಕಾರಣಕ್ಕೆ ಹೀಗೆ ಮಾಡುತ್ತವೆ ಅಂತ ನಾನು ವಾದ ಮಾಡ್ತಿಲ್ಲ. ಫಲಿತಾಂಶ ಒಂದೇ ಅಂತ ಮಾತ್ರ ಹೇಳ್ತಿದ್ದೀನಿ.

ಇನ್ನೂ ಚಂದ ಏನಂದ್ರೆ ಮದ್ದು ಕೂಡ ಮೊಲದ ಹತ್ತಿರವೇ ಇತ್ತು. 1931ರಲ್ಲೇ ಏವರಿ ಮತ್ತು ಗೋಬೆಲ್ ಆ ಸಕ್ಕರೆಯನ್ನು ಕುದುರೆ ಸೀರಂನ ಒಂದು ಪ್ರೋಟೀನ್‌ಗೆ ರಾಸಾಯನಿಕವಾಗಿ ಅಂಟಿಸಿ ಮೊಲಕ್ಕೆ ಕೊಟ್ಟಿದ್ದರು. ಈ ಸಲ ಮೊಲ ಹೌದು ಅಂದಿತ್ತು! ನಮ್ಮ ಮನೆಗಳಲ್ಲಿ ಕಹಿ ಗುಳಿಗೆಯನ್ನು ಬೆಲ್ಲದಲ್ಲಿ ಇಟ್ಟು ನುಂಗಿಸ್ತಾರೆ. ಇಲ್ಲಿ ಉಲ್ಟಾ, ಸಿಹಿಯನ್ನೇ ಬೇರೆಯದರ ಬೆನ್ನಿಗೆ ಕಟ್ಟಿ ನುಂಗಿಸಿದರು. ಪ್ರೋಟೀನ್ ಕಂಡರೆ ದೇಹದ ಟಿ ಕೋಶಗಳು ಎಚ್ಚರವಾಗ್ತವೆ, ಜೊತೆಗೆ ಬಂದ ಸಕ್ಕರೆಗೂ ಪ್ರತಿಕಾಯ ಹುಟ್ಟಲು ನೆರವಾಗ್ತವೆ, ಅದನ್ನು ನೆನಪಿಟ್ಟುಕೊಳ್ಳುವ ಹಾಗೂ ಮಾಡ್ತವೆ. ಇದೇ ತಂತ್ರದ ಮೇಲೆ ನಿಂತ ಕೂಸುಗಳ ನ್ಯುಮೋಕಾಕಸ್ ಲಸಿಕೆ, ಏಳು ಬಗೆಗಳದ್ದು, ಅಮೆರಿಕದಲ್ಲಿ ಅನುಮತಿ ಪಡೆದದ್ದು 2000ದಲ್ಲಿ. 1931ರಿಂದ 2000. ಕಳೆದು ನೋಡಿ.

ನಮ್ಮಲ್ಲಿಗೆ ಬಂದದ್ದು ಇನ್ನೂ ತಡವಾಗಿ. 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ, 2021ರಲ್ಲಿ ಇಡೀ ದೇಶದ ಸರ್ಕಾರಿ ಲಸಿಕೆ ಪಟ್ಟಿಗೆ ಪಿಸಿವಿ ಸೇರಿತು. 2020ರ ಡಿಸೆಂಬರ್‌ನಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಹತ್ತು ಬಗೆಗಳ ತನ್ನ ಲಸಿಕೆಯನ್ನು ಹೊರತಂದಿತ್ತು. ಆ ಹತ್ತನ್ನು ಆರಿಸಿದ್ದು ಏಷ್ಯಾ, ಆಫ್ರಿಕಾದಂಥ ಕಡೆ ಮಕ್ಕಳಲ್ಲಿ ಹೆಚ್ಚು ಕಾಣುವ ಬಗೆಗಳನ್ನು ನೋಡಿ. ಕ್ಲೆಂಪರರ್ ಮೊಲಗಳ ಮಾತು ಕೊನೆಗೂ ಕೇಳಿಸಿಕೊಂಡ ಹಾಗಾಯಿತು. ಖಾಸಗಿಯಲ್ಲಿ ಸಾವಿರಾರು ರೂಪಾಯಿ ಆಗುವ ಈ ಸೂಜಿ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ. ಆರು ವಾರಕ್ಕೆ ಒಂದು, 14 ವಾರಕ್ಕೆ ಒಂದು, ಒಂಬತ್ತು ತಿಂಗಳಿಗೆ ಒಂದು.

ಹಾಸ್ಟೆಲ್‌ನಲ್ಲಿ ಇದನ್ನೆಲ್ಲಾ ಹೇಳ್ತಿದ್ದಾಗ ಒಬ್ಬಳು ಗೆಳತಿ ಮೆಸ್‌ನಲ್ಲಿ ತಟ್ಟೆ ಸರಿಸಿ ಕೇಳಿದಳು: ಎಷ್ಟು ಮೊಲ ಸತ್ತವು, ಅದನ್ನು ಹೇಳು. ಲೆಕ್ಕ ಇಲ್ಲ. ಆ ಕಾಲದಲ್ಲಿ ರೋಗಿಯ ಕಫದಲ್ಲಿ ಯಾವ ಬಗೆ ಇದೆ ಅಂತ ತಿಳಿಯೋಕೂ ಇಲಿಗೇ ಚುಚ್ಚುತ್ತಿದ್ದರು. ಇಲಿ ಅಂದರೆ ಅವರಿಗೆ ಒಂದು ಉಪಕರಣ. ಇದರಲ್ಲಿ ಹೆಮ್ಮೆ ಪಡೋದು ಏನೂ ಇಲ್ಲ, ಅವಳ ಪ್ರಶ್ನೆ ನ್ಯಾಯವಾದದ್ದು. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, 2023ರಲ್ಲಿ ಔಷಧ ಪರೀಕ್ಷೆಯ ನಿಯಮ ತಿದ್ದಿ ಪ್ರಾಣಿಗಳಿಲ್ಲದ ವಿಧಾನಗಳಿಗೂ ದಾರಿ ಮಾಡಿದ್ದಾರೆ. ಚಿಪ್ ಮೇಲೆ ಜೀವಕೋಶ ಬೆಳೆಸಿ ಶ್ವಾಸಕೋಶದ ಹಾಗೆ ಉಸಿರಾಡಿಸುವ ಕೆಲಸ ನಡೀತಿದೆ, ಅದು ಶುದ್ಧ ಎಂಜಿನಿಯರಿಂಗ್. ಆಗಲಿ, ಬೇಗ ಆಗಲಿ. ಆದರೆ ಆ ಚಿಪ್ ಮುಂದೆಯೂ ಅದೇ ಪ್ರಶ್ನೆ ಇಡಬೇಕಾಗುತ್ತೆ: ನೀನು ಯಾರ ಶ್ವಾಸಕೋಶ? ದೊಡ್ಡವರದ್ದೋ, ಆರು ವಾರದ ಕೂಸಿನದ್ದೋ?

ನಮ್ಮ ಎಕ್ಸ್‌ರೇ ಮಾಡೆಲ್‌ಗಳ ಮುಂದೆಯೂ ಅದೇ. ಇದು ನನ್ನ ಕಲ್ಪನೆ ಅಲ್ಲ. ಅಮೆರಿಕದ ಆಸ್ಪತ್ರೆಗಳ ಎಕ್ಸ್‌ರೇ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಒಂದು ಕಡೆ ಕಲಿತ ನ್ಯುಮೋನಿಯಾ ಮಾಡೆಲ್ ಬೇರೆ ಕಡೆಯ ಆಸ್ಪತ್ರೆಗೆ ಹೋದಾಗ ಎಡವಿತು. ಕಾರಣ ಹುಡುಕಿದರೆ, ಅದು ಶ್ವಾಸಕೋಶದ ಜೊತೆಗೆ ಎಕ್ಸ್‌ರೇ ಯಾವ ಆಸ್ಪತ್ರೆಯದ್ದು ಅನ್ನೋದನ್ನೂ ಗುರುತಿಸೋಕೆ ಕಲಿತಿತ್ತು. ಒಂದೇ ಪ್ರಾಣಿಯನ್ನು ನಂಬಿದ ಪ್ರಯೋಗ ಅದು. ಗುವಾಂಗ್‌ಝೌ ನಮ್ಮ ಮೊಲ. ಅದು ಸುಳ್ಳು ಹೇಳ್ತಿಲ್ಲ, ಅಲ್ಲಿನ ಮಕ್ಕಳ ಬಗ್ಗೆ ಹೇಳ್ತಿದೆ.

ಈಗ ಗುಳೆಯ ಮಾತು. 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಹೋದ ಹೆಸರು ಎರಡೇ, ರಾಯಚೂರು ಮತ್ತು ಯಾದಗಿರಿ. ನಮ್ಮ ಕಡೆ ನೀರಾವರಿ ಇಲ್ಲದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಜನ ಬೆಂಗಳೂರು, ಪುಣೆ, ಮುಂಬೈ, ಗೋವಾ ಅಂತ ದುಡಿಯಲು ಹೋಗ್ತಾರೆ, ಕೂಸನ್ನು ಎತ್ತಿಕೊಂಡೇ. ಆರು ವಾರದ ಸೂಜಿ ತವರುಮನೆಯಲ್ಲಿ ಆಗಿರುತ್ತೆ, ಬಾಣಂತನ ಅಲ್ಲೇ ಅಲ್ವಾ. 14 ವಾರದ ಹೊತ್ತಿಗೆ ಗಂಡನ ಮನೆ. ಒಂಬತ್ತು ತಿಂಗಳ ಹೊತ್ತಿಗೆ ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್. ತಾಯಿ ಕಾರ್ಡ್ ಊರಲ್ಲಿ ಟ್ರಂಕಿನೊಳಗೆ. ಯಾವ ಊರಿನ ಕೇಂದ್ರದಲ್ಲಾದರೂ ಉಳಿದ ಸೂಜಿ ಹಾಕಿಸಬಹುದು ಅನ್ನೋದು ಬಹಳ ಅವ್ವಂದಿರಿಗೆ ಗೊತ್ತೇ ಇರಲ್ಲ. ಕೂಸಿಗೆ ಪಕ್ಕೆ ಹಾರೋಕೆ ಶುರುವಾದರೆ ಇನ್ನೂ ಬರೆ ಹಾಕಿಸುವ ಮನೆಗಳಿವೆ. ಈ ಕೂಸಿನ ಹತ್ತಿರ ಎಕ್ಸ್‌ರೇ ಮಷಿನ್ ಬರೋದೇ ಕಷ್ಟ, ಅದರ ಹಿಂದೆ ಕೂತ ನಮ್ಮ ಮಾಡೆಲ್‌ನ ಅಕ್ಯುರಸಿ ಎಷ್ಟಿದ್ದರೆ ಏನು?

ಸೂಜಿ ಕೂಸಿನ ತನಕ ಬಂದರೂ ಸಾಲದು, ಸರಿಯಾದ ಸ್ಥಿತಿಯಲ್ಲಿ ಬರಬೇಕು. ಇದು ನಮ್ಮ ಬ್ರಾಂಚ್‌ಗಳ ಕೆಲಸ. ಈ ಲಸಿಕೆ 2ರಿಂದ 8 ಡಿಗ್ರಿ ಒಳಗೆ ಇರಬೇಕು. ಯಾದಗಿರಿಯ ಏಪ್ರಿಲ್ 40 ದಾಟುತ್ತೆ. ಎಲ್ಲರಿಗೂ ಬಿಸಿಯದ್ದೇ ಭಯ, ಆದರೆ ಹೆಪ್ಪುಗಟ್ಟಿದರೂ ಇದು ಕೆಡುತ್ತೆ. ಪಿಸಿವಿಯಲ್ಲಿ ಅಲ್ಯೂಮಿನಿಯಂ ಲವಣದ ಸಣ್ಣ ಕಣಗಳಿರುತ್ತವೆ, ಹೆಪ್ಪಾದರೆ ಕಣಗಳು ಗಂಟು ಕಟ್ಟುತ್ತವೆ. ಪಶು ಆಸ್ಪತ್ರೆಯವರು ಬೈಕ್ ಹಿಂದೆ ಡಬ್ಬಿ ಕಟ್ಟಿಕೊಂಡು ಕುರಿ ಹಟ್ಟಿಗೆ ಒಯ್ಯುವ, ಪಟಿಕದ ಲವಣ ಸೇರಿಸಿದ ಗಂಟಲು ಬೇನೆ ಲಸಿಕೆಗೂ ಇದೇ ಗೋಳು. ಆದ್ದರಿಂದ ಆರೋಗ್ಯ ಕಾರ್ಯಕರ್ತೆಯರು ಐಸ್‌ಪ್ಯಾಕನ್ನು ಫ್ರೀಜರ್‌ನಿಂದ ತೆಗೆದ ತಕ್ಷಣ ಡಬ್ಬಿಗೆ ಹಾಕಲ್ಲ. ಹೊರಗಿಟ್ಟು, ಕಿವಿ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯ್ತಾರೆ. ಥರ್ಮೋಡೈನಮಿಕ್ಸ್ ಲ್ಯಾಬಿನಲ್ಲಿ ನಾವು ಲೇಟೆಂಟ್ ಹೀಟ್ ಬಗ್ಗೆ ಬರೆಯುವ ಎಲ್ಲಾ ಪುಟಗಳಿಗಿಂತ ಆ ಸದ್ದು ನನಗೆ ಹೆಚ್ಚು ಇಷ್ಟ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಎಐ ಕೇಳ್ತಾರೆ, ಐಸ್ ಡಬ್ಬಿ ಯಾರು ಕೇಳ್ತಾರೆ ಅಂತ. ಸರಿ, ರೆಸ್ಯೂಮೆಗೆ ಎಕ್ಸ್‌ರೇ ಮಾಡೆಲ್ ಬೇಕಿದ್ದರೆ ಮಾಡಿ. ಒಂದು ಸ್ಲೈಡ್ ಜಾಸ್ತಿ ಹಾಕಿ: ಯಾರ ಮೇಲೆ ಕಲಿಸಿದ್ದು, ಯಾರ ಮೇಲೆ ಪರೀಕ್ಷಿಸಿದ್ದು, ಯಾರಿಗೆ ಇದು ಹೊಂದದೆ ಹೋಗಬಹುದು. ಮುಂದಿನ ಎಕ್ಸಿಬಿಷನ್‌ನಲ್ಲಿ ಈ ಸ್ಲೈಡ್ ಕಡ್ಡಾಯ ಮಾಡಿ ಅಂತ ಡಿಪಾರ್ಟ್‌ಮೆಂಟ್‌ಗೆ ಕೊಡೋಕೆ ಒಂದು ಅರ್ಜಿ ಬರೆದಿದ್ದೀವಿ, ಕ್ಲಬ್ ರೂಮಿನಲ್ಲಿದೆ, ಒಪ್ಪಿಗೆ ಇದ್ದವರು ಸಹಿ ಮಾಡಬಹುದು.

ನಾವು ಮೂವರು, ಎರಡು ಇಲೆಕ್ಟ್ರಾನಿಕ್ಸ್, ಒಂದು ಕಂಪ್ಯೂಟರ್ ಸೈನ್ಸ್, ಏಪ್ರಿಲ್‌ನಲ್ಲಿ ಒಂದು ಕೆಲಸ ಮಾಡೋಣ ಅಂತಿದ್ದೀವಿ. ನಾಲ್ಕು ಐಸ್‌ಪ್ಯಾಕ್ ಹಿಡಿಸುವ ಲಸಿಕೆ ಡಬ್ಬಿಯೊಳಗೆ ಬರೀ ನೀರು ತುಂಬಿದ ಸೀಸೆಗಳನ್ನಿಟ್ಟು, ಡಿಎಸ್18ಬಿ20 ಸೆನ್ಸರ್ ಮತ್ತು ಇಎಸ್‌ಪಿ32 ಹಾಕಿ, ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿಗೆ ಮಧ್ಯಾಹ್ನದ ಕೆಂಪು ಬಸ್ಸಿನಲ್ಲಿ ಹೋಗಿ ಬರೋದು. ಪ್ರತಿ ನಿಮಿಷದ ತಾಪ ಬರೆದುಕೊಳ್ಳೋದು. ಡಬ್ಬಿಯ ಮೂಲೆಯಲ್ಲಿ ಎಷ್ಟು, ನಡುವೆ ಎಷ್ಟು, ಮುಚ್ಚಳ ನಾಲ್ಕು ಸಲ ತೆಗೆದರೆ ಎಷ್ಟು, ಐಸ್‌ಪ್ಯಾಕ್ ಕಾಯಿಸದೆ ಹಾಕಿದರೆ ಸೊನ್ನೆಗೆ ಇಳಿಯುತ್ತಾ. ಇನ್ಸುಲೇಷನ್ ಗೊತ್ತಿರುವ ಒಬ್ಬರು ಮೆಕ್ಯಾನಿಕಲ್‌ನವರು ಬೇಕಾಗಿದ್ದಾರೆ. ಬಸ್ ಚಾರ್ಜ್ ನಾವೇ ಹಾಕ್ತೀವಿ, ಕಿಟಕಿ ಸೀಟು ಮಾತ್ರ ಡಬ್ಬಿಗೆ.